ಬಾಗಿಲಪ್ಪ ಬಾಗಿಲು ಬಡಿದನೆ?

ಫೆಬ್ರವರಿ 9

ಅಣ್ಣಾ,

ನೀನು ಚೆನ್ನಾಗಿದ್ದೀಯ. ಕೇಳಬೇಕಾಗಿಲ್ಲ, ಮೊನ್ನೆ ಭಾನುವಾರ ಕಣ್ಣಾರೆ ನೋಡಿದೆ. ಹೇಳದೆ ಬಂದು ನಿನ್ನನ್ನ ಬೆಚ್ಚಿಬೀಳಿಸೋಣ ಅಂತ ಬೆಳಿಗ್ಗೆ ಬಸ್ಸು ಹತ್ತಿದ್ದೆ. ನಾನು ಬರೋ ಹೊತ್ತಿಗೆ ಸಂಘದ ಸಭೆ ಶುರುವಾಗಿತ್ತು. ಹಿಂದುಗಡೆ, ಮಡಚಿದ ಕುರ್ಚಿಗಳನ್ನ ಪೇರಿಸಿಟ್ಟಿದ್ದ ಮೂಲೆಯಲ್ಲಿ ಕೂತೆ.

'ನಕ್ಷತ್ರ ಬಂದರು' ಸೀರಿಯಲ್ ನಿಂತು ಇಷ್ಟು ವರ್ಷವಾದ್ರೂ ಅದಕ್ಕೊಂದು ಅಭಿಮಾನಿ ಸಂಘ, ಅದಕ್ಕೆ ನೀನು ಅಧ್ಯಕ್ಷ, ಅಷ್ಟೂ ಜನ ಬಾಗಿಲಪ್ಪನ ಬಗ್ಗೆ ಜಗಳ ಆಡೋಕೆ ಸೇರಿದ್ದಾರೆ! ನನಗೆ ಖುಷಿಯಾಗಿತ್ತು ಕಣೋ. ಮೂರೇ ಕಂತಿನಲ್ಲಿ ಬಂದು, ಒಂದೇ ಮಾತಾಡಿ ಹೋಗೋ ಕಾವಲುಗಾರ. ಸೀರಿಯಲ್ಲಿನವರು ಅವನಿಗೆ ಹೆಸರನ್ನೂ ಇಟ್ಟಿರಲಿಲ್ಲ. ಬಾಗಿಲಪ್ಪ ಅಂತ ಕರೆದಿದ್ದು ನಾನು, ಒಂಬತ್ತು ವರ್ಷದವಳಿದ್ದಾಗ.

ತೋಳಿನ ಮೇಲಿದ್ದ ಸಂಖ್ಯೆ ಆರೋ ಒಂಬತ್ತೋ ಅಂತ ಇಬ್ಬರು ಕಿತ್ತಾಡಿದ್ರು. ಎಡಗೈಯೋ ಬಲಗೈಯೋ ಅಂತ ಇನ್ನಿಬ್ಬರು. ಆಮೇಲೆ ದೊಡ್ಡ ಪ್ರಶ್ನೆ ಬಂತು. ಹನ್ನೊಂದನೇ ಕಂತಿನಲ್ಲಿ ಬಂದರಿನ ಗಾಳಿ ಸೋರಿದಾಗ ಬಾಗಿಲಪ್ಪ ಸಾಯೋ ಕಡೆ ತಾನು ನಿಂತು, ಮಿಕ್ಕವರನ್ನ ಈಚೆ ಬಿಟ್ಟು, ಬೇಕಂತಲೇ ಬಾಗಿಲು ಹಾಕಿದನೋ, ಇಲ್ಲ ಹೆದರಿಕೊಂಡು ತಪ್ಪು ಹಿಡಿ ಎಳೆದನೋ? ನೀನು ಎದ್ದು ನಿಂತೆ. "ಹೆದರಿದ್ದ, ಅನುಮಾನವೇ ಇಲ್ಲ" ಅಂದೆ. "ಅಭಿಮಾನ ಅತಿಯಾದರೆ ಬುದ್ಧಿ ಎಲ್ಲಿಗೆ ಹೋಗುತ್ತೆ, ಒಂದು ತಮಾಷೆ ಕೇಳಿ" ಅಂತ ಜೇಬಿನಿಂದ ಕಾಗದ ತೆಗೆದೆ.

ನನ್ನ ಕಾಗದ. ನಾಲ್ಕು ವರ್ಷದ ಹಿಂದೆ, ಅವರು ತೀರಿಕೊಂಡ ವಾರ ನಿನಗೆ ಬರೆದಿದ್ದು.

ಸ್ಟೇಷನ್ನಿನಲ್ಲಿ ಗಾಡಿ ಬರೋದು ಹೋಗೋದು ಹೇಳೋ ಆ ಕಂಚಿನ ಕಂಠದಲ್ಲಿ ಓದಿದೆ. "ಬಾಗಿಲಪ್ಪನ ಹಾಗೇ ಇವರೂ ತಾವಾಗೇ ಹಾಕ್ಕೊಂಡ್ರು ಕಣೋ, ಯಾರು ನಂಬದಿದ್ರೂ ನೀನು ನಂಬು." ಜನ ನಕ್ಕರು. ಕುರ್ಚಿಗಳು ಕಿರಗುಟ್ಟೋ ಹಾಗೆ ನಕ್ಕರು. ಹೆಸರು ಹೇಳದೆ 'ಒಬ್ಬ ಅಭಿಮಾನಿ' ಅಂದೆ ನೋಡು, ಅದು ನಿನ್ನ ದೊಡ್ಡ ಮನಸ್ಸು.

ಶೀತಲಗೃಹದಲ್ಲಿ ಅಮೋನಿಯಾ ಸೋರಿದಾಗ ಒಳಗಿಂದ ಬಾಗಿಲು ಹಾಕಿ, ಹೊರಗೆ ಮೂಟೆ ಇಳಿಸ್ತಿದ್ದ ಏಳು ಜನರನ್ನ ಉಳಿಸಿದವರು ನನ್ನ ಗಂಡ. 'ಗಾಬರಿಯಲ್ಲಿ ತಪ್ಪಾಗಿ ಮುಚ್ಚಿಕೊಂಡರು' ಅಂತ ವಿಚಾರಣೆಯವರು ಬರೆದು ಕೈ ತೊಳ್ಕೊಂಡ್ರು. ಈಗ ನೀನೂ ತೊಳ್ಕೊಂಡೆ. ನಾನು ಎದ್ದು ಹೊರಗೆ ಬಂದೆ. ನೀನು ನೋಡಲಿಲ್ಲ.

ಒಂದೇ ಒಂದು ಕೇಳ್ತೀನಿ. ಯಾಕೆ ಓದಿದೆ?

ಉತ್ತರಕ್ಕೆ ಕಾಯೋ,
ತಂಗಿ

*

ಫೆಬ್ರವರಿ 20

ಪುಟ್ಟೀ,

ಅಯ್ಯೋ ಮಾರಾಯ್ತಿ! ಬಂದವಳು ಮುಂದೆ ಬರಬಾರದಿತ್ತಾ? ಊಟ ಮಾಡಿಕೊಂಡು ಹೋಗಬಹುದಿತ್ತು. ನಿಮ್ಮತ್ತಿಗೆ ಎರಡು ದಿನದಿಂದ ನನ್ನ ಜೊತೆ ಮಾತಾಡ್ತಿಲ್ಲ, ನಿನ್ನ ಕಾಗದ ಓದಿಬಿಟ್ಟಿದ್ದಾಳೆ.

ನೋಡು, ವಾದ ಅಂದ್ರೆ ವಾದ. ಎದುರು ಪಕ್ಷದವರು ಭಾವುಕರಾಗ್ತಿದ್ರು, ಒಂದು ಉದಾಹರಣೆ ಬೇಕಿತ್ತು, ಕೈಗೆ ಸಿಕ್ಕಿತು. ನಿನ್ನ ಹೆಸರು ಯಾರಿಗೂ ಗೊತ್ತಾಗಿಲ್ಲ. ಭಾವನ ಮೇಲೆ ನನಗೆ ಗೌರವ ಇಲ್ಲ ಅಂತಲ್ಲ. ಆದರೆ ನಾಲ್ಕು ವರ್ಷವಾಯ್ತು ಪುಟ್ಟಿ. ದುಃಖವನ್ನ ಸಿಕ್ಕಸಿಕ್ಕಲ್ಲಿ ಅಂಟಿಸಿಕೊಂಡು ಹೋದ್ರೆ ನಾಳೆ ಅದಕ್ಕೂ ಬೆಲೆ ಇರಲ್ಲ. ಗಾಬರಿಯಾಗೋದು ಮನುಷ್ಯ ಸಹಜ. ಬಾಗಿಲಪ್ಪನಿಗಾದ್ರೂ ಅಷ್ಟೆ, ಯಾರಿಗಾದ್ರೂ ಅಷ್ಟೆ.

ಈ ಸಲ ಸಂಘದ ಪತ್ರಿಕೆಯ ವಿಶೇಷ ಸಂಚಿಕೆ ತರ್ತಿದ್ದೀವಿ. ನೀನು ಚಿಕ್ಕವಳಿದ್ದಾಗ ಬರೆದ ಬಾಗಿಲಪ್ಪನ ಚಿತ್ರಗಳಿದ್ರೆ ಕಳಿಸು.

ನಿನ್ನ ಹಿತ ಬಯಸೋ
ಅಣ್ಣ

*

ಮಾರ್ಚ್ 2

ಅತ್ತಿಗೆ,

ನೀವು ಅವನ ಜೊತೆ ಮಾತು ಬಿಟ್ಟಿದ್ದು ಕೇಳಿ ಹೊಟ್ಟೆ ಒಂದಿಷ್ಟು ತಣ್ಣಗಾಯ್ತು. ಆದರೆ ಬೇಡ, ಮಾತಾಡಿ. ನಗ್ತಾ ಮಾತಾಡಿ. ಅವನ ಬಾಯಿಂದ ಏನೇನು ಬರುತ್ತೆ ಅಂತ ನನಗೆ ಗೊತ್ತಾಗಬೇಕು.

ನಾನು ಅತ್ತು ಕೂಗಾಡಲ್ಲ. ಅತ್ತರೆ ಅವನು ಅದನ್ನೂ ಮೈಕಿನಲ್ಲಿ ಓದ್ತಾನೆ. ಸುಳ್ಳು ಹಲ್ಲು ಮಾಡೋದು ನನ್ನ ಕಸುಬು, ನಿಮಗೆ ಗೊತ್ತಲ್ಲ. ಕಟ್ಟಿಸಿದ ಹಲ್ಲು ನಿಜವಾದ ಹಲ್ಲಿನ ಹಾಗೆ ಕಾಣಬೇಕಾದ್ರೆ ಅದು ಮುತ್ತಿನ ಹಾಗೆ ಇರಬಾರದು. ಅದಕ್ಕೊಂದು ಸಣ್ಣ ಕಲೆ, ಅಂಚಿನಲ್ಲಿ ಒಂಚೂರು ಸವೆತ ಇಡಬೇಕು. ಅಣ್ಣನಿಗೆ ಅಂಥದ್ದೊಂದು ಹಲ್ಲು ಕಟ್ಟಿಕೊಡ್ತೀನಿ, ಅವನ ಬಾಯಿಗೆ ಸರಿಯಾಗಿ ಕೂರೋ ಹಾಗೆ.

ಅವನಿಗೆ ಸೀರಿಯಲ್ಲಿನ ಹಳೇ ಎಡಿಟರ್ ಒಬ್ಬರಿಂದ ಕಾಗದ ಬರುತ್ತೆ. 'ಹಳೇ ಕತ್ತರಿ' ಅಂತ ಸಹಿ ಇರುತ್ತೆ. ಅದು ನಾನು. ಕ್ಲಿನಿಕ್ಕಿನ ಟೈಪ್‌ರೈಟರಿನಲ್ಲಿ ಹೊಡೆದು, ಕಾರ್ಬನ್ ಪ್ರತಿ ನನ್ನ ಹತ್ತಿರ ಇಟ್ಕೋತೀನಿ. ಹನ್ನೊಂದನೇ ಕಂತಿನಲ್ಲಿ ಇಲ್ಲದೇ ಇರೋ ಒಂದು ದೃಶ್ಯ ಇತ್ತು ಅಂತ ಬರೀತೀನಿ. ಮೂಲ ಪ್ರತಿ ಅಳಿಸಿಹೋಗಿದೆ, ಈಗ ಉಳಿದಿರೋದು ಮೊಟಕು ಮಾಡಿದ್ದು ಅಂತ ಎಲ್ಲರಿಗೂ ಗೊತ್ತು. ಯಾರೂ ಹೋಗಿ ನೋಡೋ ಹಾಗಿಲ್ಲ. ಅವನು ಅದನ್ನ ತಾನೇ ನೋಡಿದ್ದು ಅಂತ ಹೇಳ್ಕೋತಾನೆ. ಆಗಸ್ಟಿನ ಸಭೆಯಲ್ಲಿ ಮೈಕಿನ ಮುಂದೆ ಹೇಳ್ಲಿ. ಆಮೇಲೆ ನಾನು ಎದ್ದು ನಿಲ್ತೀನಿ.

ನಿಮಗೆ ಬೇಡ ಅನ್ನಿಸಿದ್ರೆ ಈ ಕಾಗದ ಒಲೆಗೆ ಹಾಕಿ.

ಪುಟ್ಟಿ

*

ಮಾರ್ಚ್ 15

ಮಾನ್ಯ ಅಧ್ಯಕ್ಷರಿಗೆ,

ಅಪರಿಚಿತನ ಪತ್ರಕ್ಕೆ ಕ್ಷಮೆಯಿರಲಿ. 'ನಕ್ಷತ್ರ ಬಂದರು' ಧಾರಾವಾಹಿಯ ಸಂಕಲನ ವಿಭಾಗದಲ್ಲಿ ನಾನು ಕೆಲಸ ಮಾಡಿದವನು. ಈಗ ಕೈ ನಡುಗುವುದರಿಂದ ಟೈಪು ಮಾಡಿಸುತ್ತಿದ್ದೇನೆ. ಸಂಘದ ಪತ್ರಿಕೆಯಲ್ಲಿ ನೀವು ಕಾವಲುಗಾರನ ಬಗ್ಗೆ ಬರೆದದ್ದನ್ನು ಓದಿದೆ. ನಿಮ್ಮ ಊಹೆ ಸರಿಯಾಗಿದೆ.

ಹನ್ನೊಂದನೆಯ ಕಂತು ಮೊದಲ ಬಾರಿ ಪ್ರಸಾರವಾದಾಗ ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ದೃಶ್ಯವಿತ್ತು. ಕ್ಯಾಮೆರಾ ಕಾವಲುಗಾರನ ಕಡೆಗಿದೆ. ಅವನು ಮೊದಲು ಅಂಗೈಯಿಂದ ಬಾಗಿಲು ಬಡಿಯುತ್ತಾನೆ. ಆಮೇಲೆ ಮುಷ್ಟಿಯಿಂದ. ಮುಷ್ಟಿ ನೊಂದ ಮೇಲೆ ಮೊಣಕೈಯಿಂದ. ಬಾಯಿ ಆಡುತ್ತದೆ, ಮಾತು ಕೇಳಿಸುವುದಿಲ್ಲ. ಕೊನೆಗೆ ಬಾಗಿಲಿಗೆ ಕೆನ್ನೆಯೊತ್ತಿ ಸುಮ್ಮನೆ ನಿಲ್ಲುತ್ತಾನೆ, ಆಚೆಗೆ ಯಾರಾದರೂ ಇನ್ನೂ ಇದ್ದಾರೆಯೇ ಎಂದು ಕಿವಿಗೊಡುವವನಂತೆ.

ಮಕ್ಕಳು ಹೆದರಿದರೆಂದು ದೂರು ಬಂದು, ಮರುಪ್ರಸಾರಕ್ಕೆ ಮುನ್ನ ಅದನ್ನು ಕತ್ತರಿಸಿದವನು ನಾನೇ. ತೋಳಿನ ಸಂಖ್ಯೆ ಆರೋ ಒಂಬತ್ತೋ ಎಂಬುದು ಮಾತ್ರ ನನಗೆ ನೆನಪಿಲ್ಲ, ಆ ಜಗಳವನ್ನು ನೀವೇ ಬಗೆಹರಿಸಿಕೊಳ್ಳಬೇಕು.

ತಮ್ಮ ವಿಶ್ವಾಸಿ,
ಹಳೇ ಕತ್ತರಿ
(ಉತ್ತರಿಸುವುದಾದರೆ ಲಕೋಟೆಯ ಮೇಲಿನ ಅಂಚೆ ಪೆಟ್ಟಿಗೆಗೆ)

*

ಮಾರ್ಚ್ 28

ಪೂಜ್ಯರೇ,

ತಮ್ಮ ಪತ್ರ ಓದಿ ಕುರ್ಚಿಯಿಂದ ಎದ್ದು ನಿಂತೆ. ಏಕೆಂದರೆ ಆ ದೃಶ್ಯವನ್ನು ನಾನು ನೋಡಿದ್ದೇನೆ! ಇಷ್ಟು ವರ್ಷ ಅದು ಕನಸೆಂದು ತಿಳಿದಿದ್ದೆ. ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ. ಎದುರುಮನೆ ದರ್ಜಿಯವರ ಪಡಸಾಲೆಯಲ್ಲಿ, ಬಟ್ಟೆಯ ಗಂಟುಗಳ ಮೇಲೆ ಕೂತು ನೋಡಿದ್ದು. ಅವನು ಕೆನ್ನೆಯೊತ್ತಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿ ನನ್ನ ತಂಗಿ ಅತ್ತಳು.

ಆಗಸ್ಟಿನ ಸಭೆಯಲ್ಲಿ ಇದನ್ನು ನನ್ನ ನೆನಪಾಗಿಯೇ ಮಂಡಿಸಲು ಯೋಚಿಸಿದ್ದೇನೆ. ನಿವೃತ್ತರಾದ ತಮ್ಮ ಹೆಸರನ್ನು ಎಳೆದು ತೊಂದರೆ ಕೊಡಲು ಮನಸ್ಸಿಲ್ಲ. ಅವನು ಬಡಿದದ್ದು ಬಲಗೈಯಿಂದ ತಾನೇ? ನನಗೆ ಹಾಗೆಯೇ ನೆನಪು.

ತಮ್ಮ ಆಶೀರ್ವಾದ ಬೇಡುವ,
ಅಧ್ಯಕ್ಷ

*

ಏಪ್ರಿಲ್ 24

ಪುಟ್ಟಿ,

ನಿನ್ನ ಕಾಗದ ಒಲೆಗೆ ಹಾಕಲಿಲ್ಲ, ಅಕ್ಕಿ ಡಬ್ಬದ ಕೆಳಗಿದೆ. ನಿಮ್ಮಣ್ಣ ಜನ್ಮದಲ್ಲಿ ಆ ಡಬ್ಬ ಎತ್ತಲ್ಲ.

ಮೀನು ಗಾಳ ನುಂಗಿ, ದಾರ ನುಂಗಿ, ಈಗ ಕೋಲಿಗೆ ಬಾಯಿ ಹಾಕ್ತಿದೆ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದೇ ಮಾತು. "ನಾನು ನೋಡಿದ್ದೆ ಕಣೆ, ಬಲಗೈ, ಬಲಗೈ." ಮೊನ್ನೆ ಸಂಘದ ಖಜಾಂಚಿ ಮನೆಗೆ ಬಂದಿದ್ರು. ಅವರ ಮುಂದೆ ನಿಮ್ಮಣ್ಣ ನಮ್ಮ ಅಡುಗೆಮನೆ ಬಾಗಿಲು ಬಡಿದು ತೋರಿಸಿದ್ರು, ಅಂಗೈ, ಮುಷ್ಟಿ, ಮೊಣಕೈ. ಒಳಗೆ ನಾನು ಹಾಲಿಗೆ ನಿಂತಿದ್ದೆ. ಹಾಲು ಉಕ್ಕಿ ಚೆಲ್ಲಿತು.

ಒಂದು ಕೇಳಲಾ? ನಿಮ್ಮಣ್ಣನ ಮೇಜಿನ ಮೇಲಿದ್ದ ನಿನ್ನ 'ಕತ್ತರಿ' ಕಾಗದ ನಾನೂ ಓದಿದೆ. ಸೇಡಿಗೆ ಬರೆದಿದ್ದು ಅಂತ ಗೊತ್ತಿದ್ದೂ ಮೈ ಜುಂ ಅಂತು. ಆ ಬಡಿಯೋದು, ಆ ಕೆನ್ನೆ, ಅದೆಲ್ಲ ಎಲ್ಲಿಂದ ಬಂತು ನಿನಗೆ?

ಸಭೆಗೆ ನಾನು ಬರಲ್ಲ. ಏನೇ ಆದ್ರೂ ಕಟ್ಟಿಕೊಂಡವರು, ಅವರ ಮುಖ ಇಳಿಯೋದನ್ನ ಎದುರಿಗೆ ಕೂತು ನೋಡೋಕಾಗಲ್ಲ. ನೀನೇ ಬರೆದು ತಿಳಿಸು. ಒಂದನ್ನೂ ಬಿಡಬೇಡ.

ಅತ್ತಿಗೆ

*

ಮೇ 6

ಅತ್ತಿಗೆ,

ಅವನು 'ಕತ್ತರಿ'ಗೆ ಬರೆದ ಉತ್ತರ ನನ್ನ ಮುಂದಿದೆ. ದರ್ಜಿಯವರ ಪಡಸಾಲೆಯಲ್ಲಿ ನೋಡಿದನಂತೆ, ನಾನು ಅತ್ತೆನಂತೆ! ಹನ್ನೊಂದನೇ ಕಂತು ಬಂದ ವಾರ ನಮಗಿಬ್ಬರಿಗೂ ಮಂಗನಬಾವು. ಕೆನ್ನೆ ಕುಂಬಳಕಾಯಿಯಾಗಿತ್ತು. ಅಮ್ಮ ಹೊಸಿಲು ದಾಟೋಕೆ ಬಿಟ್ಟಿರಲಿಲ್ಲ. ಇಬ್ಬರೂ ಕಿಟಕಿ ಸರಳು ಹಿಡಿದು, ಎದುರುಮನೆಯ ನೀಲಿ ಬೆಳಕು ನೋಡ್ತಾ ನಿಂತಿದ್ವಿ. ಅದನ್ನ ಅವನು ಮರೆತಿಲ್ಲ ಅತ್ತಿಗೆ. ಸುಳ್ಳು ಅಂತ ಗೊತ್ತಿದ್ದೇ ಹೇಳ್ತಿದ್ದಾನೆ. ಒಳ್ಳೇದಾಯ್ತು. ನನಗೆ ಉಳಿದಿದ್ದ ಚೂರುಪಾರು ಕನಿಕರವೂ ಹೋಯ್ತು.

ಸಂಘದ ಪತ್ರಿಕೆ ಬಂತು. ಬಾಗಿಲಪ್ಪ ಬಾಗಿಲು ಬಡಿಯೋ ಚಿತ್ರ ಯಾರೋ ಬರೆದು ಹಾಕಿದ್ದಾರೆ. ಅದನ್ನ ಮಗುಚಿ ಇಟ್ಟಿದ್ದೀನಿ.

ಅದೆಲ್ಲ ಎಲ್ಲಿಂದ ಬಂತು ಅಂತ ಮಾತ್ರ ಮತ್ತೆ ಕೇಳಬೇಡಿ.

ಪುಟ್ಟಿ

*

ಆಗಸ್ಟ್ 19

ಅತ್ತಿಗೆ,

ನಿನ್ನೆ ಅವನು ಮನೆಗೆ ಬಂದು ಏನು ಹೇಳಿದನೋ, ಹೇಳಿದನೋ ಇಲ್ಲವೋ. ನಡೆದದ್ದು ಇದು.

ಹಾಲ್ ತುಂಬಿತ್ತು. ನಾನು ಈ ಸಲ ಮುಂದಿನ ಸಾಲಿನಲ್ಲೇ ಕೂತೆ. ನನ್ನ ನೋಡಿ ಅವನ ಮುಖ ಅರಳಿತು ಅತ್ತಿಗೆ, ಅದೊಂದು ಮಾತ್ರ ಬರೆಯೋಕೆ ಕಷ್ಟ. "ರಾಜಿಯಾದ್ಯಾ?" ಅಂತ ಕಣ್ಣಲ್ಲೇ ಕೇಳಿದ. ನಾನು ನಕ್ಕೆ.

ದೃಶ್ಯವನ್ನ ಚೆನ್ನಾಗಿ ಹೇಳಿದ. ಆ ಗಂಟಲಿನಲ್ಲಿ ಕೇಳಿ ಇಬ್ಬರು ಮೂವರು ಕಣ್ಣೊರೆಸಿಕೊಂಡ್ರು. ಬಿಳಿ ಗಡ್ಡದ ಗ್ರಂಥಪಾಲಕರು ಒಬ್ಬರು ಎದ್ದು, "ನೀವೊಬ್ಬರೇ ನೋಡಿದ್ದೋ, ಸಾಕ್ಷಿ ಯಾರಾದ್ರೂ ಇದ್ದಾರೋ?" ಅಂತ ಕೇಳಿದ್ರು.

"ಇದ್ದಾಳೆ" ಅಂದ ಅಣ್ಣ. "ನನ್ನ ತಂಗಿ. ಪಕ್ಕದಲ್ಲೇ ಕೂತು ಅತ್ತವಳು. ಬಾ ಪುಟ್ಟಿ, ಹೇಳು."

ನಾನೇ ಬೇಡಿಕೊಂಡಿದ್ರೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ. ವೇದಿಕೆ ಹತ್ತಿ ಮೈಕ್ ಹಿಡಿದೆ. "ಆ ವಾರ ನಿನಗೂ ನನಗೂ ಮಂಗನಬಾವು" ಅಂದೆ. ಜನ ಸಣ್ಣಗೆ ನಕ್ಕರು. ಅವನೂ ನಕ್ಕ, "ಅದು ಬೇರೆ ವರ್ಷ" ಅಂದ. ನಾನು ಚೀಲದಿಂದ ಕಾರ್ಬನ್ ಪ್ರತಿ ತೆಗೆದು ಓದಿದೆ. ಅಂಗೈ. ಮುಷ್ಟಿ. ಮೊಣಕೈ. ಅವನು ಹೇಳಿದ್ದು ಅಕ್ಷರ ಅಕ್ಷರಕ್ಕೆ ಅದೇ. "ಇದನ್ನ ಮಾರ್ಚ್ ತಿಂಗಳಲ್ಲಿ ಕೂತು ಹೊಸೆದವಳು ನಾನು" ಅಂದೆ. ಆಮೇಲೆ ಅವನ ಉತ್ತರ ಓದಿದೆ. 'ನನ್ನ ನೆನಪಾಗಿಯೇ ಮಂಡಿಸಲು ಯೋಚಿಸಿದ್ದೇನೆ' ಅನ್ನೋ ಸಾಲನ್ನ ಎರಡು ಸಲ ಓದಿದೆ. ಕಡೆಗೆ, "ಫೆಬ್ರವರಿಯಲ್ಲಿ ನೀವೆಲ್ಲ ನಕ್ಕಿರಲ್ಲ, ಆ ಅಭಿಮಾನಿ ನಾನೇ. ಆ ಸತ್ತವರು ನನ್ನ ಗಂಡ" ಅಂದೆ.

ಅಣ್ಣನ ತುಟಿ ಆಡ್ತಿತ್ತು, ಸದ್ದಿಲ್ಲ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಖಜಾಂಚಿ ಬಂದು ಅವನ ಎದೆ ಮೇಲಿದ್ದ ಅಧ್ಯಕ್ಷರ ಬಿಲ್ಲೆ ಬಿಚ್ಚಿಕೊಂಡ್ರು, ಕೇಳಲೂ ಇಲ್ಲ. ನೋಡಿ ನನಗೆ ಸುಖವಾಯ್ತು. ಸುಳ್ಳು ಯಾಕೆ ಹೇಳಲಿ, ತುಂಬಾ ಸುಖವಾಯ್ತು.

ಅಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಗ್ರಂಥಪಾಲಕರು ಮತ್ತೆ ಎದ್ದರು. "ಅದೇನೇ ಇರಲಿ, ಆ ದೃಶ್ಯ ನಾನೂ ನೋಡಿದ್ದೀನಿ" ಅಂದ್ರು. ಹಿಂದಿನಿಂದ ಒಬ್ಬಾಕೆ, "ನಾನೂ. ನಮ್ಮಮ್ಮ ಹೆದರಿ ಟೀವಿ ಆರಿಸಿದ್ರು" ಅಂದಳು.

"ಅದು ಇಲ್ಲವೇ ಇಲ್ಲ! ನಾನು ಬರೆದಿದ್ದು!" ಅಂತ ಕೂಗಿದೆ.

"ನೀವು ಬರೆದಿರಬಹುದಮ್ಮ" ಅಂದ್ರು ಅವರು, ಮಗುವಿಗೆ ಸಮಾಧಾನ ಹೇಳೋ ಹಾಗೆ. "ಆದರೆ ಅವನು ಬಡಿದಿದ್ದಂತೂ ನಿಜ."

ಆ ದೃಶ್ಯ ನೋಡಿದವರ ಕೈ ಎತ್ತಿಸಿದ್ರು ಅತ್ತಿಗೆ. ಅರ್ಧಕ್ಕಿಂತ ಹೆಚ್ಚು ಕೈ ಮೇಲೆ ಹೋದವು.

ಪುಟ್ಟಿ

*

ಸೆಪ್ಟೆಂಬರ್ 11

ಪುಟ್ಟಿ,

ಗೆದ್ದೆ. ಸ್ಟೇಷನ್ನಿನಲ್ಲಿ ಹಮಾಲಿಗಳು ಕೂಡ ನನ್ನ ನೋಡಿದ್ರೆ ಅಂಗೈಯಿಂದ ಗೋಡೆ ಬಡಿದು ನಗ್ತಾರೆ. ಹೋದ ವಾರ ಮೈಕಿನಲ್ಲಿ, ಆಗಲೇ ಹೊರಟುಹೋಗಿದ್ದ ಗಾಡಿಯನ್ನ ಬರುತ್ತಿದೆ ಅಂತ ಹೇಳಿದೆ. ನಿಮ್ಮತ್ತಿಗೆ ಅಕ್ಕಿ ಡಬ್ಬ ಎತ್ತಿ, ಎಲ್ಲವನ್ನೂ ತಾನೇ ನನ್ನ ಮುಂದೆ ಇಟ್ಟಳು. ನನ್ನ ಮನೆಯಲ್ಲೇ ನನ್ನ ಪರ ಯಾರೂ ಇರಲಿಲ್ಲ ಅಂತ ಗೊತ್ತಾಯ್ತು.

ನಿನ್ನ ಕಾಗದ ಓದಬಾರದಿತ್ತು. ಚಪ್ಪಾಳೆಗೆ ಓದಿದೆ. 'ಯಾಕೆ' ಅಂತ ಕೇಳಿದ್ಯಲ್ಲ, ಅಷ್ಟೇ ಉತ್ತರ.

ಈಗ ನನ್ನದೊಂದು ಪ್ರಶ್ನೆ. ನಾನು ಹೇಳಿದ್ದು ಗಾಬರಿಯಾದ ಅಂತ, ಅಷ್ಟೇ. ಬಾಗಿಲು ಬಡಿದ ಅಂತ ನಾನು ಯಾವತ್ತೂ ಹೇಳಿರಲಿಲ್ಲ. ಮುಷ್ಟಿ ನೊಂದ ಮೇಲೆ ಮೊಣಕೈ, ಇದು ನನ್ನನ್ನ ಹಳ್ಳಕ್ಕೆ ಕೆಡವೋಕೆ ಹೊಸೆದ ಮಾತಲ್ಲ. ನಾಲ್ಕು ವರ್ಷದಿಂದ ನೀನು ಒಬ್ಬಳೇ ನೋಡ್ತಾ ಇರೋದು ಅದು. ನನ್ನ ಮೇಲಿನ ಸಿಟ್ಟು ನನಗೆ ಕೊಡು, ತಗೋತೀನಿ. ಆದರೆ ಆ ಏಳು ಜನ ಬಾಗಿಲಿನ ಈಚೆಗೆ ನಿಂತಿದ್ರಲ್ಲ, ಅವರಲ್ಲಿ ಒಬ್ಬರನ್ನಾದರೂ ಹೋಗಿ ಯಾಕೆ ಕೇಳಲಿಲ್ಲ ನೀನು?

ಅಣ್ಣ

*

ನವೆಂಬರ್ 3

ಅಣ್ಣಾ,

ನಿನ್ನ ಕಾಗದ ಹರಿದು ಹಾಕಿದೆ. ಆಮೇಲೆ ಒಂದೂವರೆ ತಿಂಗಳು ಅದೇ ಪ್ರಶ್ನೆ ಕಿವಿಯಲ್ಲಿ ಹುಳದ ಹಾಗೆ ಕೊರೀತು. ಮೊನ್ನೆ ಹೋಗಿ ಕೇಳಿದೆ.

ಏಳು ಜನರಲ್ಲಿ ಒಬ್ಬರು, ಮೂಟೆ ಎತ್ತೋ ಯಂತ್ರ ಓಡಿಸ್ತಿದ್ದವರು, ಈಗ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ನನ್ನ ನೋಡಿದ ಕೂಡಲೇ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ನಾಲ್ಕು ವರ್ಷದಿಂದ ಕಾಯ್ತಿದ್ದೀನಮ್ಮ, ನೀವು ಬರ್ತೀರಿ ಅಂತ" ಅಂದ್ರು.

"ಬಾಗಿಲು ಹಾಕಿದ್ದು ಯಾರು?" ಅಂದೆ.

"ಅವನೇ. ನಾನು ಕಣ್ಣಾರೆ ಕಂಡೆ. 'ಯಾರೂ ಒಳಗೆ ಬರಬೇಡ್ರೋ' ಅಂತ ಕೂಗಿ, ಎರಡೂ ಕೈಯಲ್ಲಿ ಹಿಡಿ ಎಳೆದುಕೊಂಡ. ತಪ್ಪೂ ಇಲ್ಲ, ಗಾಬರಿಯೂ ಇಲ್ಲ."

"ಆಮೇಲೆ?"

ಅವರು ಗಾಲಿಯ ಕಡ್ಡಿಗಳನ್ನ ಒಂದೊಂದಾಗಿ ಮುಟ್ಟಿ ನೋಡಿದ್ರು. "ಆಮೇಲೆ ಬಡಿದ ಕಣಮ್ಮ. ಉಸಿರು ಕಟ್ಟಿದಾಗ ಯಾರಾದ್ರೂ ಬಡೀತಾರೆ. ನಾವು ಏಳೂ ಜನ ಈಚೆ ನಿಂತಿದ್ವಿ. ತೆಗೀಲಿಲ್ಲ. ತೆಗೆದಿದ್ರೆ ನಾವೂ ಹೋಗ್ತಿದ್ವಿ. ಆದ್ರೂ, ತೆಗೀಲಿಲ್ಲವಲ್ಲ."

"ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ಬೇಕಂತ ಹಾಕ್ಕೊಂಡ ಅಂದಿದ್ರೆ ಮುಂದೆ ಏನಾಯ್ತು ಅಂತ ಕೇಳ್ತಿದ್ರು. ಬಡಿದ ಅನ್ನಬೇಕಾಗ್ತಿತ್ತು. ನೀವೇನು ಮಾಡಿದ್ರಿ ಅಂತ ಕೇಳ್ತಿದ್ರು. ತಪ್ಪಾಗಿ ಹಾಕ್ಕೊಂಡ, ನಮಗೆ ಏನೂ ಕೇಳಿಸಲಿಲ್ಲ ಅಂತ ಏಳೂ ಜನ ಒಂದೇ ಮಾತು ಹೇಳಿದ್ವಿ."

ಅವರು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಅತ್ತು ಮುಗಿಯೋ ತನಕ ಕಾದೆ. ಆಮೇಲೆ "ಚಪ್ಪಲಿ ಮೆಟ್ಟಿಕೊಳ್ಳಿ" ಅಂದೆ. ಆಗ ವಿಚಾರಣೆ ನಡೆಸಿದ್ದ ಕಚೇರಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿಸಿದೆ. ಅಲ್ಲಿಯ ಅಧಿಕಾರಿ ಒಳ್ಳೆಯವರೇ. ಬರೀತಾ ಬರೀತಾ ಪೆನ್ನು ನಿಲ್ಲಿಸಿ, "ಬಾಗಿಲು ಹಾಕಿದ್ದು ಬರೆದರೆ ಸಾಕಲ್ವಾ ಅಮ್ಮ? ಬಡಿದಿದ್ದು ಬೇಡ ಬಿಡಿ, ಅವರ ಹೆಸರಿಗೆ ಚೆನ್ನಾಗಿರಲ್ಲ" ಅಂದ್ರು.

"ಬರೀರಿ" ಅಂದೆ. "ಅದನ್ನೇ ಮೊದಲು ಬರೀರಿ."

ಉಳಿದ ಆರು ಜನರ ವಿಳಾಸ ಸಿಕ್ಕಿದೆ. ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗ್ತೀನಿ. ನೀನು ಕೇಳಿದ್ದಕ್ಕೇ ಹೋದೆ, ಅದು ನಿಜ. ಅದಕ್ಕೆ ನಿನ್ನನ್ನ ಕ್ಷಮಿಸಿದ್ದೀನಿ ಅಂದುಕೊಳ್ಳಬೇಡ.

ತಂಗಿ